ಸಕ್ಕರೆ ತೋಪು ಯಾರಪ್ಪನದು?

ಮರಕ್ಕೆ ಒಡೆಯ ಯಾರು? ನೆಟ್ಟವನೋ, ನೋಡಿಕೊಂಡವನೋ, ಅದರ ಕೆಳಗೆ ಒಲೆ ಹೂಡಿ ಬದುಕಿದವಳೋ, ಕಾಗದ ಇಟ್ಟುಕೊಂಡವನೋ? ಕೋರ್ಟು ಕಚೇರಿಗಳಿಗೆ ಇದರ ಉತ್ತರ ಗೊತ್ತು: ಕಾಗದ ಇಟ್ಟುಕೊಂಡವನು. ಆ ಕಾಗದ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಮಾತ್ರ ಎಲ್ಲರೂ ಕೆಮ್ಮುತ್ತಾರೆ. ನಾನಿಲ್ಲಿ ಹೇಳಹೊರಟಿರುವುದು ಅಂಥ ಒಂದು ಮರದ ಚರಿತ್ರೆ. ನಮ್ಮ ಸೀಮೆಯದಲ್ಲ. ಅಷ್ಟು ದೂರದ್ದು ನಮಗ್ಯಾಕೆ ಅನ್ನುವವರು ಸ್ವಲ್ಪ ತಾಳಿ.

ಸಕ್ಕರೆ ಅಂದರೆ ನಮಗೆ ಕಬ್ಬು. ಉತ್ತರ ಅಮೆರಿಕದ ಚಳಿ ಸೀಮೆಯವರಿಗೆ ಬಹುಕಾಲ ಸಕ್ಕರೆ ಅಂದರೆ ಒಂದು ಮರ. ಕೆನಡಾದ ಕ್ವಿಬೆಕ್, ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಅಲ್ಲಿಂದ ಪಡುವಣಕ್ಕೆ ಮಿಚಿಗನ್, ವಿಸ್ಕಾನ್ಸಿನ್, ಮಿನೆಸೋಟದ ತನಕ ಈ ಮರ ಬೆಳೆಯುತ್ತದೆ. ಸಕ್ಕರೆ ಮೇಪಲ್ ಅಂತ ಹೆಸರು. ಕೆನಡಾದ ಬಾವುಟದ ಮೇಲಿರುವುದು ಮೇಪಲ್ ಎಲೆಯೇ. ಚಳಿಗಾಲ ಮುಗಿಯುತ್ತಾ ಬಂದು, ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ಕೆಲವೇ ವಾರಗಳಲ್ಲಿ ಈ ಮರ ರಸ ಬಿಡುತ್ತದೆ. ಕಾಂಡಕ್ಕೆ ಎರಡಂಗುಲ ಆಳದ ಸಣ್ಣ ತೂತು ಕೊರೆದು, ಕೊಳವೆ ಸಿಕ್ಕಿಸಿ, ಕೆಳಗೊಂದು ಪಾತ್ರೆ ಇಟ್ಟರೆ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಈಚಲ ಮರ ಕೆತ್ತಿ ಮಡಕೆ ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈಚಲ ರಸದಷ್ಟು ಸಿಹಿ ಇದಲ್ಲ. ನೂರು ಪಾಲಿನಲ್ಲಿ ಸುಮಾರು ಎರಡು ಪಾಲು ಸಕ್ಕರೆ, ಮಿಕ್ಕಿದ್ದೆಲ್ಲ ನೀರು. ನಾಲಿಗೆಗಿಟ್ಟರೆ ಸಿಹಿ ಉಂಟೋ ಇಲ್ಲವೋ ಅನ್ನುವ ಅನುಮಾನ.

ಆ ನೀರನ್ನು ಕುದಿಸಿ ಕುದಿಸಿ ಹೊರಗೆ ಅಟ್ಟಬೇಕು. ಅಲ್ಲಿನವರಿಗೊಂದು ಲೆಕ್ಕವಿದೆ. ರಸದಲ್ಲಿ ಸಕ್ಕರೆ ಶೇಕಡಾ ಎಷ್ಟಿದೆಯೋ ಅದರಿಂದ 86 ಅನ್ನು ಭಾಗಿಸಿದರೆ, ಒಂದು ಕೊಡ ಪಾಕಕ್ಕೆ ಎಷ್ಟು ಕೊಡ ರಸ ಬೇಕು ಅಂತ ಸಿಗುತ್ತದೆ. ಶೇಕಡಾ 2 ಇದ್ದರೆ 43 ಕೊಡ. ಅಂದರೆ 42 ಕೊಡ ನೀರು ಹಬೆಯಾಗಿ ಹೋಗಬೇಕು, ಒಂದು ಕೊಡ ಉಳಿಯಬೇಕು. ಅದಕ್ಕೆಷ್ಟು ಸೌದೆ ಬೇಕು ಅಂತ ಆಲೆಮನೆ ಕಂಡವರು ಊಹಿಸಿಕೊಳ್ಳಿ. ನಮ್ಮಪ್ಪ ಹತ್ತಾರು ವರ್ಷ ಕಂಡವರ ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ಉರಿ ಹಾಕಿದವನು. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆ ಬಾಯಿಗೆ ತಳ್ಳಿ ತಳ್ಳಿ ಅವನ ಮುಂಗೈ ಮೇಲೆ ಕೂದಲೇ ಇರುತ್ತಿರಲಿಲ್ಲ. ಪಾಕದ ಹದ ಅವನಿಗೆ ಗೊತ್ತಿತ್ತು, ಬೆಲ್ಲದ ಲೆಕ್ಕ ಬೇರೆಯವರಿಗೆ ಗೊತ್ತಿತ್ತು. ಕಬ್ಬಿಗಾದರೆ ತನ್ನ ಸಿಪ್ಪೆಯೇ ಸೌದೆ. ಮೇಪಲ್ ರಸಕ್ಕೆ ಸೌದೆಯನ್ನು ಬೇರೆ ಮರದಿಂದಲೇ ತರಬೇಕು. ಹಂಗಾಗಿ ಅಲ್ಲಿ ಸಕ್ಕರೆ ತೋಪು ಇಟ್ಟುಕೊಂಡವನಿಗೆ ಸೌದೆ ತೋಪೂ ಬೇಕು. ಎರಡೂ ಒಂದೇ ಬೇಲಿಯೊಳಗೆ ಇರುವುದೇ ಹೆಚ್ಚು.

ಆ ತೋಪು ನೋಡಿಕೊಳ್ಳುವುದು ದೊಡ್ಡ ವಿದ್ಯೆ. ಕಾಂಡ ಅಡ್ಡಕ್ಕೆ ಹತ್ತು ಹನ್ನೆರಡು ಅಂಗುಲ ಆಗುವ ತನಕ ಮರ ಮುಟ್ಟಬಾರದು. ಕಾಡಿನ ನೆರಳಲ್ಲಿ ಬೆಳೆದ ಮರಕ್ಕೆ ಅಷ್ಟಾಗಲು ನಲವತ್ತು ವರ್ಷ ಬೇಕು, ಅದಕ್ಕೂ ಮೇಲೆ ಬೇಕಾದೀತು. ಅಪ್ಪ ಕಡಿಯದೆ ಬಿಟ್ಟ ಮರದಲ್ಲಿ ಮಗ ರಸ ಇಳಿಸುತ್ತಾನೆ. ತೂತು ಕೊರೆದ ಮೇಲೆ ಮರ ಆ ಗಾಯವನ್ನು ಒಳಗಿಂದ ಬೇಲಿ ಹಾಕಿಕೊಳ್ಳುತ್ತದೆ. ತೂತಿನ ಮೇಲಕ್ಕೂ ಕೆಳಕ್ಕೂ ಉದ್ದನೆಯ ಒಂದು ಪಟ್ಟಿ ಬಣ್ಣಗೆಟ್ಟು ಸತ್ತುಹೋಗುತ್ತದೆ. ಮುಂದಿನ ವರ್ಷ ಅಲ್ಲೇ ಕೊರೆದರೆ ಒಂದು ಹನಿಯೂ ಬರೋಲ್ಲ. ಅಷ್ಟು ದೂರ ಪಕ್ಕಕ್ಕೆ ಸರಿಯಬೇಕು, ಮರ ವರ್ಷ ವರ್ಷ ದಪ್ಪಗಾಗಿ ಹಳೆ ಗಾಯದ ಮೇಲೆ ಹೊಸ ಮೈ ಕಟ್ಟುವ ತನಕ ಕಾಯಬೇಕು. ಒಂದೇ ಮರಕ್ಕೆ ನಾಲ್ಕೈದು ತೂತು ಹೊಡೆದವನು ಮಕ್ಕಳ ಪಾಲನ್ನೂ ತಾನೇ ಕುಡಿದ ಹಾಗೆ.

ಇನ್ನು ನೆತ್ತಿ. ಮರದ ನೆತ್ತಿ ಎಷ್ಟು ಹರಡಿದೆಯೋ ಅಷ್ಟು ಎಲೆ, ಎಲೆಗೆ ತಕ್ಕ ಬಿಸಿಲು, ಬಿಸಿಲಿಗೆ ತಕ್ಕ ಸಿಹಿ. ಅದಕ್ಕೇ ಒತ್ತಾಗಿ ಬೆಳೆದ ಕಡೆ ಒಳ್ಳೆಯ ಮರ ಗುರುತಿಟ್ಟುಕೊಂಡು ಅದರ ನೆತ್ತಿಗೆ ಒತ್ತಿಕೊಂಡು ನಿಂತ ಮರಗಳನ್ನು ತೆಗೆಯುತ್ತಾರೆ. ತೆಗೆದದ್ದು ಒಲೆಗೆ. ಒಂದೇ ಸಲ ಬಹಳ ತೆಗೆದರೆ ಗಾಳಿಗೆ ಮರ ಉರುಳುತ್ತದೆ, ಬಿಸಿಲಿಗೆ ತೊಗಟೆ ಸೀಳುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹತ್ತು ಹದಿನೈದು ವರ್ಷಕ್ಕೊಂದು ಸಲ. ಹೀಗೆ ಮಾಡಿ ರಸದ ಸಿಹಿ ಎರಡರಿಂದ ಮೂರಕ್ಕೆ ಏರಿದರೆ 43 ಕೊಡ ಹೋಗಿ 29 ಕೊಡಕ್ಕೇ ಒಂದು ಕೊಡ ಪಾಕ. 14 ಕೊಡ ನೀರು ಕುದಿಸುವ ಸೌದೆ ಉಳಿಯಿತು, ಅಷ್ಟು ಹೊತ್ತಿನ ನಿದ್ದೆಯೂ ಉಳಿಯಿತು. ದನ ಬಿಡಬಾರದು: ಬೇರು ತುಳಿಯುತ್ತವೆ, ನೆಲ ಗಟ್ಟಿಯಾಗುತ್ತದೆ, ಸಸಿ ಮೇಯುತ್ತವೆ. ಮೇಪಲ್ ಸಸಿ ದೊಡ್ಡ ಮರದ ನೆರಳಲ್ಲಿ ಹತ್ತಾರು ವರ್ಷ ಗೇಣುದ್ದವೇ ಇದ್ದು, ಮೇಲಿನ ಮರ ಬಿದ್ದು ಆಕಾಶ ಕಂಡ ದಿನ ಎದ್ದು ನಿಲ್ಲುವಂಥದ್ದು. ಬೇರೆ ಜಾತಿ ಮರಗಳನ್ನೂ ನಡುವೆ ಬಿಡಬೇಕು. ಬರೀ ಮೇಪಲ್ ಒಂದೇ ಆದರೆ ಹುಳ ಬಿದ್ದ ವರ್ಷ ಇಡೀ ತೋಪು ಬೋಳು. ಒಂದೇ ಜಾತಿಯ ತೋಪು ಉಳಿಯೋಲ್ಲ ಅನ್ನುವುದನ್ನು ನಾನು ಕವಿತೆಗಾಗಿ ಹೇಳುತ್ತಿಲ್ಲ, ಅಲ್ಲಿನ ಅರಣ್ಯ ಇಲಾಖೆಯವರೇ ಹೇಳುವ ಮಾತು.

ಈ ವಿದ್ಯೆ ಯಾರದು? ಪಾಕದ ಡಬ್ಬಿ ಮೇಲೆ ಹಿಮ ಬಿದ್ದ ಮನೆ, ಕುದುರೆ ಗಾಡಿ, ಬಿಳಿ ಅಜ್ಜನ ಚಿತ್ರ ಇರುತ್ತದೆ. ರಸ ಇಳಿಸುವುದನ್ನು ಆ ಅಜ್ಜನ ಅಜ್ಜಂದಿರು ಕಲಿತದ್ದು ಅಲ್ಲಿನ ಮೂಲ ಜನರಿಂದ. ನಮ್ಮ ಶಾಲೆಯ ಪುಸ್ತಕಗಳು 'ರೆಡ್ ಇಂಡಿಯನ್ನರು' ಅಂತ ಕಲಿಸಿದ್ದು ಇವರನ್ನೇ. ಅವರು ಇಂಡಿಯದವರೂ ಅಲ್ಲ, ಕೆಂಪಗೂ ಇಲ್ಲ. ಹೆಸರಿಡುವ ಅಧಿಕಾರ ಬೇರೆಯವರ ಕೈಗೆ ಹೋದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಸರೋವರಗಳ ಸುತ್ತ ಬಾಳಿದವರು ಆನಿಶಿನಾಬೆ ಜನ. ಓಜಿಬ್ವೆ ಅಂತಲೂ ಕರೆಯುತ್ತಾರೆ. ಅವರ ಭಾಷೆಯಲ್ಲಿ ಸಕ್ಕರೆಗೆ ಜೀನ್ಜಿಬಾಕ್ವಡ್ ಅನ್ನುತ್ತಾರೆ, ರಸ ಕುದಿಸುವ ಬಿಡಾರಕ್ಕೆ ಇಸ್ಕಿಗಮಿಜಿಗನ್. ಹಿಮ ಕರಗುವ ಆ ತಿಂಗಳಿಗೇ ರಸ ಕುದಿಸುವ ಚಂದ್ರನ ಹೆಸರು. ಒಂದೊಂದು ಕುಟುಂಬಕ್ಕೆ ಒಂದೊಂದು ತೋಪು. ವರ್ಷ ವರ್ಷ ಅಲ್ಲಿಗೇ ಬರುತ್ತಿದ್ದರು. ತೋಪಿನ ಕೆಲಸ ಹೆಚ್ಚಾಗಿ ಹೆಂಗಸರದು, ಅದರ ಮೇಲಿನ ಮಾತೂ ಅವರದೇ. ಭೂರ್ಜ ಮರದ ತೊಗಟೆಯನ್ನು ಮಡಿಸಿ ಹೊಲಿದು ರಸ ಹಿಡಿಯುವ ದೊನ್ನೆ, ಸಕ್ಕರೆ ತುಂಬುವ ಮಕಕ್ ಎಂಬ ಡಬ್ಬಿ ಮಾಡುತ್ತಿದ್ದರು. ದೊನ್ನೆಗಳನ್ನೂ ಪಾತ್ರೆಗಳನ್ನೂ ಬಿಡಾರದಲ್ಲೇ ಕಟ್ಟಿಟ್ಟು ಹೋದರೆ ಮುಂದಿನ ವರ್ಷ ಹಾಗೇ ಇರುತ್ತಿದ್ದವು. ಬೇಲಿ ಇಲ್ಲ, ಪಹಣಿ ಇಲ್ಲ, ಆದರೂ ಯಾರ ತೋಪು ಯಾರದು ಅಂತ ಊರಿಗೇ ಗೊತ್ತು. ಪಾಕವನ್ನು ಅಲ್ಲಿಗೇ ನಿಲ್ಲಿಸದೆ ಇನ್ನೂ ಕುದಿಸಿ, ಮರದ ಮರಿಗೆಗೆ ಸುರಿದು, ಹುಟ್ಟಿನಿಂದ ತಿಕ್ಕಿ ತಿಕ್ಕಿ ಪುಡಿ ಸಕ್ಕರೆ ಮಾಡುತ್ತಿದ್ದರು. ವರ್ಷವಿಡೀ ಮೀನಿಗೂ ಕಾಡು ಅಕ್ಕಿಗೂ ಅದೇ ರುಚಿ. ಉಪ್ಪಿನ ಜಾಗದಲ್ಲಿ ಸಕ್ಕರೆ. ಫ್ರಾನ್ಸಿಸ್ ಡೆನ್ಸ್‌ಮೋರ್ ಎಂಬ ಹೆಂಗಸು 1900ರ ನಂತರ ಈ ಜನರ ಮನೆಮನೆ ತಿರುಗಿ ಹಾಡು, ಅಡುಗೆ, ಗಿಡಮೂಲಿಕೆ ಎಲ್ಲ ಬರೆದುಕೊಂಡಳು. 1929ರಲ್ಲಿ ಬಂದ ಅವಳ ಪುಸ್ತಕದಲ್ಲಿ ನೋಡಿನೆನ್ಸ್ ಎಂಬ ಮುದುಕಿ ತನ್ನ ಬಾಲ್ಯದ ಸಕ್ಕರೆ ಬಿಡಾರವನ್ನು ಹೇಳಿಕೊಂಡಿದ್ದಾಳೆ.

ಅವರಲ್ಲೊಂದು ಕತೆಯಿದೆ. ಮೊದಲು ಮೇಪಲ್ ಮರದಿಂದ ನೇರ ಪಾಕವೇ ಇಳಿಯುತ್ತಿತ್ತಂತೆ. ಜನ ಮರದ ಕೆಳಗೆ ಬಾಯಿ ತೆರೆದು ಮಲಗಿಬಿಟ್ಟರಂತೆ. ಅದನ್ನು ಕಂಡ ನಾನಾಬೋಜೊ ಎಂಬ ಅವರ ದೇವಮಾನವ ಮರದ ನೆತ್ತಿಗೆ ನೀರು ಹೊಯ್ದು ಪಾಕವನ್ನು ರಸ ಮಾಡಿದನಂತೆ, ಇನ್ನು ಮೇಲೆ ದುಡಿದು ತಿನ್ನಿ ಅಂತ. ನನಗೆ ಈ ದೇವರು ಮೆಚ್ಚುಗೆಯಾದ. ದುಡಿಯುವುದನ್ನು ಎಲ್ಲರಿಗೂ ಹಂಚಿದನೇ ಹೊರತು ಒಂದು ಕೇರಿಗೆ ಮಾತ್ರ ಬರೆಯಲಿಲ್ಲ.

ಇತ್ತ ಮೂಡಣ ಕರಾವಳಿಯ ಫಿಲಡೆಲ್ಫಿಯಾದಲ್ಲಿ ದೊಡ್ಡ ಮನುಷ್ಯರಿಗೆ ಇದೇ ಮರದ ಮೇಲೆ ಕಣ್ಣು ಬಿತ್ತು. ಆಗ ಯುರೋಪು ಅಮೆರಿಕಗಳು ತಿನ್ನುತ್ತಿದ್ದ ಸಕ್ಕರೆಯೆಲ್ಲ ಕೆರಿಬಿಯನ್ ದ್ವೀಪಗಳ ಕಬ್ಬಿನದು, ಆ ಕಬ್ಬು ಆಫ್ರಿಕದಿಂದ ಹಿಡಿದು ತಂದ ಗುಲಾಮರ ರಕ್ತದ್ದು. ವೈದ್ಯ ಬೆಂಜಮಿನ್ ರಶ್ 1791ರಲ್ಲಿ ಥಾಮಸ್ ಜೆಫರ್ಸನ್‌ಗೆ ಒಂದು ಉದ್ದನೆಯ ಪತ್ರ ಬರೆದ. ಮೇಪಲ್ ಸಕ್ಕರೆ ಮಾಡಿದರೆ ಗುಲಾಮರ ಸಕ್ಕರೆ ಬೇಕಾಗುವುದಿಲ್ಲ ಅನ್ನುವುದು ಅದರ ತಿರುಳು. ಒಳ್ಳೆಯ ಮಾತೇ. ಆದರೆ ಆ ಪತ್ರ ಬರೆಯುವಾಗ ರಶ್ ಮನೆಯಲ್ಲೇ ಒಬ್ಬ ಗುಲಾಮನಿದ್ದ, ವಿಲಿಯಂ ಗ್ರಬರ್ ಅಂತ. ಜೆಫರ್ಸನ್ ಅಂತೂ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯ. ಮೇಪಲ್ ಸಕ್ಕರೆಗೆ ಮಕ್ಕಳ ದುಡಿಮೆ ಸಾಕು, ಕರಿಯರ ಗುಲಾಮಗಿರಿ ಬೇಕಿಲ್ಲ ಅಂತ 1790ರಲ್ಲೇ ಅವನು ಗೆಳೆಯನಿಗೆ ಬರೆದಿದ್ದ. 1791ರಲ್ಲಿ ನರ್ಸರಿಯಿಂದ ಮೇಪಲ್ ಸಸಿ ತರಿಸಿ ವರ್ಜೀನಿಯಾದ ತನ್ನ ಎಸ್ಟೇಟಿನಲ್ಲಿ ನೆಡಿಸಿದ. ಆ ಸೀಮೆಯ ಹವೆ ಮೇಪಲ್‌ದಲ್ಲ. ಹೆಚ್ಚಿನವು ಸತ್ತವು. ಗುಣಿ ತೋಡಿದವರು ಯಾರು ಅಂತ ಬೇರೆ ಹೇಳಬೇಕೆ?

ರಶ್‌ನ ಪತ್ರವನ್ನು ಫಿಲಡೆಲ್ಫಿಯಾದ ಪಂಡಿತರ ಸಭೆಯಲ್ಲಿ ಓದಿದ್ದು 1791ರ ಆಗಸ್ಟ್ 19ರಂದು. ಮೂರು ದಿನ ಕಳೆದು ಆಗಸ್ಟ್ 22ರ ರಾತ್ರಿ, ಪ್ರಪಂಚದಲ್ಲೇ ಅತಿ ಹೆಚ್ಚು ಸಕ್ಕರೆ ಮಾಡುತ್ತಿದ್ದ ಫ್ರೆಂಚರ ವಸಾಹತು ಸೇಂಟ್ ಡೊಮಿಂಗೊದಲ್ಲಿ ಗುಲಾಮರು ಕಬ್ಬಿನ ಗದ್ದೆಗಳಿಗೆ ಬೆಂಕಿ ಇಟ್ಟರು. ಹದಿಮೂರು ವರ್ಷ ಹೋರಾಡಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಗುಲಾಮಗಿರಿ ಮುಗಿಸುವುದು ಹೇಗೆ ಅಂತ ಪಂಡಿತರು ಮರದ ರಸದಲ್ಲಿ ಹುಡುಕುತ್ತಿದ್ದಾಗ, ಅದಕ್ಕೆ ತಕ್ಕ ಜವಾಬು ಕಬ್ಬಿನ ಗದ್ದೆಯಲ್ಲೇ ತಯಾರಾಗಿತ್ತು.

ಇದರಲ್ಲಿ ಇನ್ನೊಂದು ಮುಖ ಉಂಟು. ಮೇಪಲ್ ಸಕ್ಕರೆಯನ್ನು ಹೊಗಳಿದವರ ಪೈಕಿ ಜಮೀನು ವ್ಯಾಪಾರದವರೂ ಇದ್ದರು. ನ್ಯೂಯಾರ್ಕ್‌ನ ಆಟ್ಸೀಗೊ ಸರೋವರದ ದಡದಲ್ಲಿ ಸಾವಿರಾರು ಎಕರೆ ಹಿಡಿದು ಬಡ ರೈತರಿಗೆ ತುಂಡು ತುಂಡಾಗಿ ಮಾರುತ್ತಿದ್ದ ವಿಲಿಯಂ ಕೂಪರ್, ತನ್ನ ರೈತರು ಸಕ್ಕರೆ ಮಾಡಿ ಸಾಲ ತೀರಿಸುತ್ತಾರೆ ಅಂತ ಲೆಕ್ಕ ಹಾಕಿದ. ಫಿಲಡೆಲ್ಫಿಯಾದ ಕ್ವೇಕರ್ ವರ್ತಕ ಹೆನ್ರಿ ಡ್ರಿಂಕರ್ ಸಕ್ಕರೆಗಂತಲೇ ಒಂದು ದೊಡ್ಡ ತೋಪು ಹೂಡಿ ಕೆಲವೇ ವರ್ಷದಲ್ಲಿ ಸೋತ. ಸೋತದ್ದು ಯಾಕೆ? ಮೇಪಲ್ ಕಬ್ಬಲ್ಲ. ಹಂಗಾಮು ಕೆಲವೇ ವಾರ, ಅದೂ ಹವೆ ಹೇಳಿದ ಹಾಗೆ. ಕೂಲಿಯವರನ್ನು ಸಾಲಾಗಿ ನಿಲ್ಲಿಸಿ ಚಾವಟಿಯಲ್ಲಿ ಓಡಿಸಿದರೆ ಮರ ಜಾಸ್ತಿ ರಸ ಬಿಡೋಲ್ಲ. ಅದು ಒಂದು ಮನೆಯವರು, ಒಂದು ಗುಂಪಿನವರು ಹತ್ತಿರವಿದ್ದು ನೋಡಿಕೊಳ್ಳುವ ಮರ. ಮತ್ತೆ, ಆ ಆಟ್ಸೀಗೊ ದಡ ಕೂಪರನ ಕೈಗೆ ಖಾಲಿಯಾಗಿ ಸಿಕ್ಕದ್ದು ಹೇಗೆ? 1779ರಲ್ಲಿ ವಾಷಿಂಗ್ಟನ್ನನ ಸೈನ್ಯ ಅದೇ ಸರೋವರದ ಬಾಯಿಗೆ ಒಡ್ಡು ಕಟ್ಟಿ, ನೀರು ಬಿಟ್ಟು, ದೋಣಿಗಳಲ್ಲಿ ಇಳಿದು ಹೋಗಿ ಇರೊಕ್ವಾ ಜನರ ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟಿತ್ತು. ಗುಲಾಮರ ಕಣ್ಣೀರಿಲ್ಲದ ಸಕ್ಕರೆ ಅಂತ ಕೊಂಡಾಡಿದ ಸಕ್ಕರೆ ಆ ಬೂದಿಯ ಮೇಲೆ ನಿಂತ ಮರಗಳದು.

ಈಗ 1837ಕ್ಕೆ ಬನ್ನಿ. ನಾನು ಈ ಲೇಖನ ಬರೆಯಲು ಕೂತದ್ದೇ ಈ ಒಂದು ವರ್ಷಕ್ಕಾಗಿ. ಇವತ್ತಿನ ಮಿನೆಸೋಟದ ಫೋರ್ಟ್ ಸ್ನೆಲ್ಲಿಂಗ್ ಹತ್ತಿರ ಜುಲೈ ತಿಂಗಳಲ್ಲಿ ಓಜಿಬ್ವೆ ಮುಖಂಡರು ಸೇರಿದರು. ಸರಕಾರದ ಕಡೆಯಿಂದ ಗವರ್ನರ್ ಹೆನ್ರಿ ಡಾಜ್. ಬಿಳಿಯರಿಗೆ ಬೇಕಾದದ್ದು ಪೈನ್ ಮರ, ಊರು ಕಟ್ಟಲು ತೊಲೆ ಹಲಗೆ. ಲೀಚ್ ಲೇಕ್‌ನ ಮುಖಂಡ, ಬಿಳಿಯರು ಫ್ಲ್ಯಾಟ್ ಮೌತ್ ಅಂತ ಕರೆದವನು, ಎದ್ದು ಮಾತಾಡಿದ. ಅವನ ಮಾತು ಸರಕಾರದ ಗುಮಾಸ್ತ ಬರೆದುಕೊಂಡ ಟಿಪ್ಪಣಿಯಲ್ಲೇ ಉಳಿದಿದೆ. ಅದರ ಸಾರ ಇಷ್ಟು: ನೆಲ ನಿಮಗೆ ಕೊಡುತ್ತೇವೆ, ಆದರೆ ಮರಗಳಿಂದ ಸಕ್ಕರೆ ಮಾಡಿಕೊಳ್ಳುವ ಹಕ್ಕು, ಕೆರೆ ಹೊಳೆಗಳಿಂದ ಬದುಕುವ ಹಕ್ಕು, ಇದೇ ನಾಡಲ್ಲಿ ಇರುವ ಹಕ್ಕು ನಮಗೆ ಬೇಕು. ಮೊದಲನೆಯದಾಗಿ ಕೇಳಿದ್ದೇ ಸಕ್ಕರೆ! ಮಘೆಗಾಬೊ ಎಂಬ ಇನ್ನೊಬ್ಬ ಮುಖಂಡ ಕೈಯಲ್ಲಿ ಓಕ್ ಮರದ ಎಲೆಕಡ್ಡಿ ಹಿಡಿದು ತೋರಿಸಿದ. ನಮಗೆ ಬದುಕು ಕೊಡುವ ಮರವನ್ನು ನಾವು ಬಿಡುವುದಿಲ್ಲ ಅನ್ನುವ ಅರ್ಥದ ಮಾತಾಡಿದ. ಪೈನ್ ಬೇಕಾದರೆ ಕಡಿದುಕೊಳ್ಳಿ, ಎಲೆ ಉದುರುವ ಮರಗಳ ತಂಟೆಗೆ ಬರಬೇಡಿ ಅನ್ನುವುದು ಅವರ ಮನಸ್ಸು.

ಡಾಜ್ ಏನಂದ? ಹೊಳೆಗಳನ್ನು ಬಳಸಿಕೊಳ್ಳಿ, ಬೇಟೆಯಾಡಿಕೊಳ್ಳಿ ಅಂದ. ಸಕ್ಕರೆಯ ಮಾತೇ ಎತ್ತಲಿಲ್ಲ. ಜುಲೈ 29ರಂದು ರುಜುವಾದ ಕರಾರಿನ ಐದನೇ ಕಲಮಿನಲ್ಲಿ ಮೂರು ಹಕ್ಕು ಬರೆದಿದೆ: ಬೇಟೆ, ಮೀನು, ಕಾಡು ಅಕ್ಕಿ. ಅದೂ ಅಧ್ಯಕ್ಷರ ಮರ್ಜಿ ಇರುವ ತನಕ. ಸಕ್ಕರೆ ಇಲ್ಲ. ಬಾಯಲ್ಲಿ ಕೇಳಿದವರು ಇವರು, ಬರೆದವರು ಅವರು. ಬರೆದದ್ದು ಇಂಗ್ಲಿಷಿನಲ್ಲಿ, ಓದಿ ಹೇಳಿದವನು ದುಭಾಷಿ. ಗುಮಾಸ್ತನ ಟಿಪ್ಪಣಿಯಲ್ಲಿ ಇದ್ದದ್ದು ಕರಾರಿಗೆ ಬರುವಷ್ಟರಲ್ಲಿ ಉದುರಿಹೋಯಿತು. ನಮ್ಮ ಮನೆಯಲ್ಲಿ ಮೊದಲು ಓದು ಬರಹ ಕಲಿತವನು ನಾನು. ಯಾವ ಕಾಗದ ಬಂದರೂ ಊರವರು ನನ್ನ ಹತ್ತಿರ ತರುತ್ತಾರೆ. ಕಾಗದದಲ್ಲಿ ಏನಿದೆ ಅಂತ ಹೇಳುವುದು ಸುಲಭ. ಆಡಿದ ಮಾತಿನಲ್ಲಿ ಯಾವುದು ಕಾಗದಕ್ಕೆ ಬರಲಿಲ್ಲ ಅಂತ ಹುಡುಕುವುದೇ ಕಷ್ಟ.

ಮರ್ಜಿ ಮುಗಿಯಲು ಬಹಳ ಕಾಲ ಬೇಕಾಗಲಿಲ್ಲ. 1850ರಲ್ಲಿ ಅಧ್ಯಕ್ಷ ಜಕಾರಿ ಟೇಲರ್ ಆ ಹಕ್ಕುಗಳನ್ನು ರದ್ದು ಮಾಡಿ ಜನ ಪಡುವಣಕ್ಕೆ ಹೋಗಬೇಕೆಂದು ಹುಕುಂ ಹೊರಡಿಸಿದ. ಅವರನ್ನು ಎಳೆಯಲು ವರ್ಷದ ಹಣ ಮತ್ತು ರೇಷನ್ನು ಹಂಚುವ ಜಾಗವನ್ನೇ ದೂರದ ಸ್ಯಾಂಡಿ ಲೇಕ್‌ಗೆ ಬದಲಾಯಿಸಿದರು. ಆ ಚಳಿಗಾಲ ಅಲ್ಲಿ ಕಾದು, ಕೆಟ್ಟ ಆಹಾರ ತಿಂದು, ಕಾಯಿಲೆ ಬಿದ್ದು, ಹಿಂದಿರುಗುವ ದಾರಿಯಲ್ಲಿ ಹೆಪ್ಪುಗಟ್ಟಿ ಸುಮಾರು 400 ಜನ ಸತ್ತರು.

ಆಮೇಲೆ ಬಂದದ್ದು ತುಂಡು ಮಾಡುವ ಕಾನೂನು. 1887ರ ಡಾಸ್ ಕಾಯ್ದೆ, ಮಿನೆಸೋಟಕ್ಕೆ 1889ರ ನೆಲ್ಸನ್ ಕಾಯ್ದೆ. ಕುಲಕ್ಕೆ ಸೇರಿದ ನೆಲವನ್ನು ತಲೆಗಿಷ್ಟು ಅಂತ ಹಂಚುವುದು, ಉಳಿದದ್ದು ಹೆಚ್ಚುವರಿ ಅಂತ ಬಿಳಿಯರಿಗೆ ಬಿಡುವುದು. ಖಾಸಗಿ ಆಸ್ತಿ ಇದ್ದರೆ ಇವರು ನಾಗರಿಕರಾಗುತ್ತಾರೆ ಅನ್ನುವ ಉಪದೇಶ ಬೇರೆ. 1867ರ ಕರಾರಿನಿಂದ ಹುಟ್ಟಿದ ವೈಟ್ ಅರ್ತ್ ಎಂಬ ಓಜಿಬ್ವೆ ಮೀಸಲು ನೆಲ ಎಂಟು ಲಕ್ಷ ಎಕರೆಗೂ ಮೇಲಿತ್ತು. ಪೈನ್ ಕಾಡು, ಮೇಪಲ್ ತೋಪು, ಕಾಡು ಅಕ್ಕಿಯ ಕೆರೆ ಎಲ್ಲ ಇದ್ದ ನೆಲ. 1906ರಲ್ಲಿ ಸೆನೆಟರ್ ಕ್ಲಾಪ್ ಒಂದು ಮಸೂದೆಗೆ ಬಾಲ ಸೇರಿಸಿದ: 'ಮಿಶ್ರ ರಕ್ತದ' ವಯಸ್ಕರು ತಮ್ಮ ತುಂಡನ್ನು ಮಾರಬಹುದು. ಮರದ ಕಂಪನಿಗಳೂ ಬ್ಯಾಂಕಿನವರೂ ಕಾದೇ ಕೂತಿದ್ದರು. 1909ರಲ್ಲಿ ವಿಚಾರಣೆಗೆ ಬಂದ ವಾರೆನ್ ಮೂರ್‌ಹೆಡ್‌ನ ಎದುರು, ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ನೆಲ ಕಳೆದುಕೊಂಡವರು ಒಬ್ಬರ ಹಿಂದೆ ಒಬ್ಬರು ಬಂದು ಹೇಳಿಕೆ ಕೊಟ್ಟರು.

ಪ್ರಕರಣ ಕೋರ್ಟಿಗೆ ಹೋದಾಗ ಪ್ರಶ್ನೆ ಬಂತು: ಯಾರು ಮಿಶ್ರ, ಯಾರು ಶುದ್ಧ? ಶುದ್ಧ ರಕ್ತದವನಾದರೆ ಮಾರಾಟ ಚೆಲ್ಲುವುದಿಲ್ಲ, ಮಿಶ್ರನಾದರೆ ಚೆಲ್ಲುತ್ತದೆ. 1910ರ ದಶಕದಲ್ಲಿ ಅಲೆಶ್ ಹರ್ಡ್ಲಿಚ್ಕ, ಆಲ್ಬರ್ಟ್ ಜೆಂಕ್ಸ್ ಎಂಬ ಇಬ್ಬರು ಮಾನವಶಾಸ್ತ್ರಜ್ಞರು ವೈಟ್ ಅರ್ತ್‌ಗೆ ಬಂದರು. ಜನರ ಎದೆಯ ಚರ್ಮವನ್ನು ಉಗುರಿನಿಂದ ಗೀರಿ ಎಷ್ಟು ಕೆಂಪಗಾಗುತ್ತದೆ ಅಂತ ನೋಡಿದರು, ಕೂದಲು ಕಿತ್ತು ಪರೀಕ್ಷಿಸಿದರು. ಅದರ ಮೇಲೆ ಒಬ್ಬನ ತೋಪು ಅವನದೋ ಕಂಪನಿಯದೋ ತೀರ್ಮಾನ. ವಿಜ್ಞಾನ ಅಂತ ಇದಕ್ಕೆ ಹೆಸರು. ಒಡಹುಟ್ಟಿದವರಲ್ಲೇ ಒಬ್ಬ ಶುದ್ಧ, ಒಬ್ಬ ಮಿಶ್ರ ಆಗುವ ವಿಜ್ಞಾನ! ಕೆಲವು ದಶಕಗಳಲ್ಲಿ ಆ ಮೀಸಲು ನೆಲದ ಶೇಕಡಾ 90ಕ್ಕೂ ಹೆಚ್ಚು ಪಾಲು ಅವರ ಕೈ ಬಿಟ್ಟಿತ್ತು. ಸುಳ್ಳು ಕ್ರಯ, ಸಾಲ, ತೆರಿಗೆ ಬಾಕಿ, ನೂರೆಂಟು ದಾರಿ.

ಇಲ್ಲಿ ನಮ್ಮ ದರಖಾಸ್ತು ಜಮೀನಿನ ಕತೆ ನೆನಪಾಗದೆ ಇರುವುದಿಲ್ಲ. ಸರಕಾರ ಕೊಟ್ಟ ಎರಡೆಕರೆ ಮದುವೆಗೋ ಕಾಯಿಲೆಗೋ ತಗೊಂಡ ಸಾಲದಲ್ಲಿ ಬೇರೆಯವರ ಪಹಣಿಗೆ ಸೇರಿದ್ದಕ್ಕೇ ತಾನೆ 1978ರಲ್ಲಿ ಪರಿಶಿಷ್ಟರ ಜಮೀನು ಪರಭಾರೆ ನಿಷೇಧ ಕಾಯ್ದೆ ತರಬೇಕಾಯಿತು. ಎಷ್ಟು ಜಮೀನು ಹಿಂದಕ್ಕೆ ಬಂತು ಅನ್ನುವುದು ಬೇರೆ ಮಾತು, ಇನ್ನೊಂದು ಲೇಖನದ ಮಾತು.

ಹಂಗಂತ ವರ್ಮಾಂಟಿನಲ್ಲೋ ಕ್ವಿಬೆಕ್‌ನಲ್ಲೋ ಇಪ್ಪತ್ತು ಮೂವತ್ತು ಎಕರೆ ತೋಪು ಇಟ್ಟುಕೊಂಡ ಬಿಳಿ ರೈತ ಸುಖವಾಗಿದ್ದ ಅಂತ ತಿಳಿಯಬೇಡಿ. ಬೆನ್ನು ಮುರಿಯುವ ಕೆಲಸ. ಹಿಮದಲ್ಲಿ ಬಕೆಟ್ಟು ಹೊತ್ತು, ರಾತ್ರಿಯಿಡೀ ಒಲೆ ಕಾಯ್ದು ಮಾಡಿದ ಸಕ್ಕರೆಗೆ ಬೆಲೆ ಕಟ್ಟುವವನು ಬೇರೆ. 1900ರ ನಂತರದ ದಶಕಗಳಲ್ಲಿ ವರ್ಮಾಂಟಿನ ಜಾರ್ಜ್ ಕೇರಿ ಎಂಬ ವರ್ತಕ ಆ ಸೀಮೆಯ ಸಕ್ಕರೆಯನ್ನೆಲ್ಲ ಸಗಟಾಗಿ ಕೊಂಡು ತಂಬಾಕು ಕಂಪನಿಗಳಿಗೆ ಮಾರಿ 'ಮೇಪಲ್ ರಾಜ' ಅನ್ನಿಸಿಕೊಂಡ. ಮಕ್ಕಳು ತಿನ್ನಬೇಕಾದ ಸಕ್ಕರೆ ಹೊಗೆಸೊಪ್ಪಿಗೆ ಹೋಯಿತು. ಅಮೆರಿಕದ ಇಂಥ ವರ್ತಕರ ಹಿಡಿತ ತಪ್ಪಿಸಿಕೊಳ್ಳಲು ಕ್ವಿಬೆಕ್‌ನ ರೈತರು 1925ರಲ್ಲಿ ಸಹಕಾರ ಸಂಘ ಕಟ್ಟಿದರು. ಇವತ್ತು ಪ್ರಪಂಚದ ಮೇಪಲ್ ಪಾಕದಲ್ಲಿ ಸುಮಾರು ಶೇಕಡಾ 70 ಆ ಪ್ರಾಂತ್ಯದ್ದು. ಬೆಲೆ ಬೀಳದ ಹಾಗೆ ಪೀಪಾಯಿಗಳಲ್ಲಿ ದಾಸ್ತಾನು ಇಡುತ್ತಾರೆ. 2011-12ರಲ್ಲಿ ಆ ದಾಸ್ತಾನಿನಿಂದಲೇ ಸುಮಾರು 3,000 ಟನ್ ಪಾಕ ಕದ್ದು, ಕೆಲವು ಪೀಪಾಯಿಗೆ ನೀರು ತುಂಬಿಟ್ಟರು. ನಾನಾಬೋಜೊನ ಕೆಲಸವನ್ನು ಕಳ್ಳರೂ ಕಲಿತರು ಅನ್ನಿ.

ಇನ್ನೊಬ್ಬರನ್ನು ಹೆಸರಿಸಬೇಕು. ಸ್ಕಾಟ್ ನಿಯರಿಂಗ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಮಾತಾಡಿದವನು. 1915ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವನನ್ನು ಕೆಲಸದಿಂದ ತೆಗೆಯಿತು. 1932ರಲ್ಲಿ ಅವನೂ ಹೆಲೆನ್ನಳೂ ವರ್ಮಾಂಟಿನ ಗುಡ್ಡಕ್ಕೆ ಹೋಗಿ ನೆಲೆಸಿ ಸಕ್ಕರೆ ತೋಪಿನಿಂದಲೇ ಕೈಕಾಸು ಕಂಡುಕೊಂಡರು. ಈ ಹೆಲೆನ್ ಎಳೆವಯಸ್ಸಿನಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಒಡನಾಡಿ. ಇಬ್ಬರೂ ಸೇರಿ 1950ರಲ್ಲಿ ಮೇಪಲ್ ಸಕ್ಕರೆಯ ಮೇಲೆ ಬರೆದ ಪುಸ್ತಕದಲ್ಲಿ ಮೂಲ ಜನರ ಸಕ್ಕರೆಯ ಹಳೆ ದಾಖಲೆಗಳನ್ನೂ ಹುಡುಕಿ ಕೊಟ್ಟಿದ್ದಾರೆ. ಒಬ್ಬನ ಕೂಲಿ ಮಾಡದೆ, ಒಬ್ಬನಿಂದ ಕೂಲಿ ಕೀಳದೆ ಬದುಕುವುದು ಅವರ ಆಸೆ. ಆಸೆ ದೊಡ್ಡದೇ. ಆದರೂ ಅದಕ್ಕೊಂದು ತೋಪು ಕೊಳ್ಳುವಷ್ಟಾದರೂ ಕೈಯಲ್ಲಿ ಇರಬೇಕು, ಮಾರಲು ಯಾರದೋ ಕಾಗದ ಇರಬೇಕು.

ಈಗ ಕೆಲಸವೂ ಬದಲಾಗಿದೆ. ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ, ಎಳೆಯಲು ಪಂಪು, ನೀರನ್ನು ಸೋಸಿ ತೆಗೆಯುವ ಯಂತ್ರ. ತೋಪು ಉಳಿಯಲಿ ಅಂತ ವರ್ಮಾಂಟ್ ಸರಕಾರ 1978ರಲ್ಲಿ ಕಾನೂನು ಮಾಡಿತು: ಕಾಡನ್ನು ಸೈಟು ಬೆಲೆಗಲ್ಲ, ಕಾಡಿನ ಹುಟ್ಟುವಳಿ ಬೆಲೆಗೆ ತೆರಿಗೆ ಹಾಕುವುದು, ಬದಲಿಗೆ ತೋಪಿನವನು ಹತ್ತು ವರ್ಷದ ಯೋಜನೆ ಬರೆದುಕೊಡುವುದು. ಒಳ್ಳೆಯ ಕಾನೂನು. ತೋಪು ಕಾಯುವವನಿಗೆ ಸರಕಾರ ಬೆಲೆ ಕೊಡಬಲ್ಲದು ಅನ್ನುವುದಕ್ಕೆ ಸಾಕ್ಷಿ. ನೋಡಿನೆನ್ಸ್ ಮುದುಕಿಯ ಕಾಲದಲ್ಲಿ ಹಾಗೆ ಯಾರೂ ಲೆಕ್ಕ ಹಿಡಿಯಲಿಲ್ಲ, ಅಷ್ಟೆ.

ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಓದಿದರು, ಕೋರ್ಟಿಗೆ ಹೋದರು. 1983ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ವಿಸ್ಕಾನ್ಸಿನ್‌ನ ಓಜಿಬ್ವೆಗಳಿಗೆ ಬಿಟ್ಟುಕೊಟ್ಟ ನೆಲದ ಮೇಲೂ ಹಳೆ ಹಕ್ಕು ಉಂಟು ಅಂದಿತು. ಅವರು ಮೀನು ಹಿಡಿಯಲು ಇಳಿದಾಗ ದಡದಲ್ಲಿ ಬಿಳಿಯರ ಗುಂಪು ನಿಂತು ಕಲ್ಲು ಎಸೆಯಿತು, ಬೈಯಿತು. 1991ರಲ್ಲಿ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ತೀರ್ಪು ಕೊಟ್ಟಳು: ನಾಟಾ ಕಡಿದು ಮಾರುವ ಹಕ್ಕು ಇಲ್ಲ, ಆದರೆ ಭೂರ್ಜದ ತೊಗಟೆ, ಸೌದೆ, ಮೇಪಲ್ ರಸ ಇಂಥವನ್ನು ತೆಗೆದುಕೊಳ್ಳುವ ಹಕ್ಕು ಉಂಟು. 1999ರಲ್ಲಿ ಸುಪ್ರೀಂ ಕೋರ್ಟು ಮಿಲ್ ಲ್ಯಾಕ್ಸ್ ಓಜಿಬ್ವೆಗಳ ಮೊಕದ್ದಮೆಯಲ್ಲಿ, ಐದಕ್ಕೆ ನಾಲ್ಕು ಮತದಲ್ಲಿ, 1850ರ ಹುಕುಂ ಆ ಹಕ್ಕನ್ನು ಅಳಿಸಿಲ್ಲ ಅಂತ ಹೇಳಿತು. ಕರಾರನ್ನು ಕರಾರಿನ ಅಕ್ಷರದಲ್ಲಿ ಮಾತ್ರ ನೋಡದೆ, ಅಂದು ಕೇಳಿಸಿಕೊಂಡವರು ಏನು ತಿಳಿದರು ಅಂತ ನೋಡಬೇಕು ಅನ್ನುವುದು ಅಲ್ಲಿನ ನ್ಯಾಯದ ಒಂದು ಸೂತ್ರ. ಹಾಗಾಗಿ ಆ ಗುಮಾಸ್ತನ ಟಿಪ್ಪಣಿಗೆ ನೂರೈವತ್ತು ವರ್ಷದ ಮೇಲೆ ಬೆಲೆ ಬಂತು.

ಆದರೆ ಈ ಹಕ್ಕು ನಡೆಯುವುದು ಬಹುಮಟ್ಟಿಗೆ ಸರಕಾರಿ ನೆಲದಲ್ಲಿ. ಖಾಸಗಿ ತೋಪಿನ ಬೇಲಿ ಬಂದ ಕಡೆ ಅದು ನಿಲ್ಲುತ್ತದೆ. ತುಂಡು ಮಾಡಿ ಹಂಚಿ ಹೆಬ್ಬೆಟ್ಟು ಒತ್ತಿಸಿಕೊಂಡವರ ಕೆಲಸ ಅಲ್ಲಿ ಇನ್ನೂ ಗಟ್ಟಿಯಾಗಿದೆ. ವೈಟ್ ಅರ್ತ್‌ನಲ್ಲಿ ವಿನೋನಾ ಲಡ್ಯೂಕ್ ಎಂಬಾಕೆ 1989ರಲ್ಲಿ ನೆಲ ವಾಪಸು ಪಡೆಯುವ ಸಂಸ್ಥೆ ಹುಟ್ಟುಹಾಕಿದಳು. ಕೋರ್ಟಿನಲ್ಲಿ ಸಿಗದ ನೆಲವನ್ನು ದುಡ್ಡು ಕೂಡಿಸಿ ಕೊಳ್ಳುವುದು, ಅಲ್ಲಿ ಕಾಡು ಅಕ್ಕಿ, ಮೇಪಲ್ ಪಾಕ ಮಾಡುವುದು. ತಮ್ಮ ತೋಪನ್ನು ತಾವೇ ಕ್ರಯಕ್ಕೆ ಪಡೆಯುವುದು! ವಿಸ್ಕಾನ್ಸಿನ್, ಮಿಚಿಗನ್ ಕಡೆಯ ಕುಲಗಳು 1998ರಲ್ಲಿ ಅರಣ್ಯ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಅವರ ಜನ ರಾಷ್ಟ್ರೀಯ ಅರಣ್ಯಗಳಲ್ಲಿ ತಮ್ಮ ಕುಲವೇ ಕೊಟ್ಟ ಚೀಟಿ ಹಿಡಿದು ಸಕ್ಕರೆ ಬಿಡಾರ ಹೂಡಬಹುದು. ಎಷ್ಟು ದಪ್ಪದ ಮರಕ್ಕೆ ಎಷ್ಟು ತೂತು ಅನ್ನುವ ನಿಯಮವನ್ನೂ ಕುಲದವರೇ ಬರೆದುಕೊಂಡಿದ್ದಾರೆ. ಮಾರ್ಚ್ ಬಂತೆಂದರೆ ಸರಕಾರಿ ಮೇಪಲ್ ಮರಗಳ ಕೆಳಗೆ ಒಲೆ ಹೊತ್ತುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಜೀನ್ಜಿಬಾಕ್ವಡ್ ಅನ್ನುವುದನ್ನು ಅವರ ಬಾಯಲ್ಲಿ ಹೇಳಿಸಿ, ರಸ ತುಂಬಿದ ಬಕೆಟ್ಟನ್ನು ಕೈಗೆ ಕೊಡುತ್ತಾರೆ.